ಪ್ರಿಂಟರ್, ಸೌಂಡ್ ಕಾರ್ಡ್ ಎರಡೂ ಒಂದೇ ಐಆರ್‌ಕ್ಯೂಗೆ ಜೋತುಬಿದ್ದಾಗ: ಲಿನಕ್ಸ್‌ನಲ್ಲಿ ಬಿಡಿಸುವ ಬಗೆ

ಹಾಡು ಹಾಕಿದರೆ ಮೊದಲ ಅರ್ಧ ಸೆಕೆಂಡಿನ ತುಣುಕೇ ಗೀರುಬಿದ್ದ ಗ್ರಾಮಫೋನ್ ತಟ್ಟೆಯ ಹಾಗೆ ಸುತ್ತುತ್ತಲೇ ಇರುತ್ತದೆ. ಇಲ್ಲವೆ ಪ್ರಿಂಟರ್ ನಾಲ್ಕು ಸಾಲು ಬಡಿದು ನಿಂತುಬಿಡುತ್ತದೆ. ಹೆಚ್ಚು ತಲೆಕೆಡಿಸುವುದು ಮೂರನೆಯದು: ಇವತ್ತು ಬೂಟ್ ಮಾಡಿದರೆ ಸೌಂಡ್ ಇದೆ, ನಾಳೆ ಇಲ್ಲ, ನಾಡಿದ್ದು ಮತ್ತೆ ಇದೆ. ಹಳೆಯ ಐಎಸ್‌ಎ (ಹಿಂದಿನ ಪಿಸಿಗಳಲ್ಲಿ ಕಾರ್ಡ್ ಕೂರಿಸುತ್ತಿದ್ದ ಸ್ಲಾಟಿನ ಬಗೆ) ಸೌಂಡ್ ಕಾರ್ಡ್ ಮತ್ತು ಪ್ಯಾರಲಲ್ ಪೋರ್ಟಿನ ಪ್ರಿಂಟರ್ ಎರಡೂ ಇರುವ ಯಂತ್ರದಲ್ಲಿ ಈ ಮೂರಕ್ಕೂ ಬಹುಪಾಲು ಬೇರು ಒಂದೇ. ಇಬ್ಬರೂ ಐಆರ್‌ಕ್ಯೂ 7 ಎಂಬ ಒಂದೇ ಗಂಟೆಯ ಹಗ್ಗಕ್ಕೆ ಕೈ ಹಾಕಿದ್ದಾರೆ. ಸಾಧನವೊಂದು ಪ್ರೊಸೆಸರಿನ ಗಮನ ಸೆಳೆಯಲು ಕೊಡುವ ಕರೆಗೆ ಇಂಟರಪ್ಟ್ ಎನ್ನುತ್ತಾರೆ; ಆ ಕರೆ ಸಾಗುವ, ಸಂಖ್ಯೆ ಹಾಕಿದ ಗೆರೆಯೇ ಐಆರ್‌ಕ್ಯೂ.

ಪ್ರಿಂಟರ್ ಇಂಟರಪ್ಟ್ ಇಲ್ಲದೆಯೂ ಕೆಲಸ ಮಾಡುತ್ತದೆ, ಸೌಂಡ್ ಕಾರ್ಡ್ ಮಾಡುವುದಿಲ್ಲ. ಹಾಗಾಗಿ ಜಾಗ ಬಿಡಬೇಕಾದದ್ದು ಪ್ರಿಂಟರ್. ಬಹಳ ಜನ ಇದನ್ನು ತಲೆಕೆಳಗು ಮಾಡಿಕೊಂಡು, ಕ್ಯಾಬಿನೆಟ್ ಬಿಚ್ಚಿ ಕಾರ್ಡಿನ ಜಂಪರ್ (ಪಿನ್ನುಗಳನ್ನು ಜೋಡಿಸುವ ಪುಟ್ಟ ತುಂಡು) ಕೀಳುತ್ತ ಕೂರುತ್ತಾರೆ. ಬಹುತೇಕ ಸಲ ಸ್ಕ್ರೂಡ್ರೈವರ್ ಮುಟ್ಟದೆಯೇ, ಒಂದು ಸಾಲಿನ ಕಾನ್ಫಿಗ್ ಫೈಲಿನಲ್ಲಿ ಇದು ಮುಗಿಯುತ್ತದೆ.

ಇಲ್ಲಿನ ಆಜ್ಞೆಗಳು ಕನ್ನಡ ಅಕ್ಷರದಲ್ಲಿವೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ರೂಟ್ ಆಗಿ ಟೈಪ್ ಮಾಡಿ. 378, 220 ಮುಂತಾದ ಪೋರ್ಟ್ ವಿಳಾಸಗಳೆಲ್ಲ ಹೆಕ್ಸ್ ಸಂಖ್ಯೆಗಳು. ಆಜ್ಞೆಯೊಳಗೆ ಅವುಗಳ ಮುಂದೆ ಸೊನ್ನೆ ಮತ್ತು ಎಕ್ಸ್ ಬರಲೇಬೇಕು. ಅದು ಬಿಟ್ಟರೆ ಕರ್ನಲ್ 378ನ್ನು ಸಾಮಾನ್ಯ ದಶಮಾಂಶ ಸಂಖ್ಯೆ ಎಂದುಕೊಂಡು ಬೇರೆಲ್ಲೋ ಪೋರ್ಟ್ ಹುಡುಕುತ್ತದೆ. ಐಎಸ್‌ಎ ಸ್ಲಾಟಿನ ಯಂತ್ರಗಳಿಗೆ 32 ಬಿಟ್ ಕರ್ನಲ್ ಬೇಕು. ಡೆಬಿಯನ್‌ನಲ್ಲಾದರೆ 12ನೆಯ ಆವೃತ್ತಿಯೇ ಕೊನೆ (ಅದೂ 686 ತರಗತಿಯ ಪ್ರೊಸೆಸರಿಗೆ, 486 ಮತ್ತು ಮೊದಲ ಪೆಂಟಿಯಂಗಳಿಗೆ ಅಲ್ಲ), 13ರಲ್ಲಿ ಆ ಯಂತ್ರಗಳಿಗೆ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ.

ಜಗಳ ಎಲ್ಲಿಂದ ಬಂತು

ಪಿಸಿಯ ಮೊದಲ ಪ್ರಿಂಟರ್ ಪೋರ್ಟಿಗೆ ವಿಳಾಸ 378, ಐಆರ್‌ಕ್ಯೂ 7. ಎರಡನೆಯದಕ್ಕೆ 278, ಐಆರ್‌ಕ್ಯೂ 5. ಸೌಂಡ್ ಬ್ಲಾಸ್ಟರ್ 2.0, ಪ್ರೊ ಮುಂತಾದ ಹಳೆಯ ಕಾರ್ಡುಗಳು ಕಾರ್ಖಾನೆಯಿಂದ ಹೊರಬರುವಾಗಲೇ ಸಾಮಾನ್ಯವಾಗಿ 220, ಐಆರ್‌ಕ್ಯೂ 7, ಡಿಎಂಎ (ಪ್ರೊಸೆಸರಿನ ನೆರವಿಲ್ಲದೆ ಮೆಮೊರಿಯಿಂದ ದತ್ತಾಂಶ ಸಾಗಿಸುವ ಚಾನೆಲ್) 1 ಎಂದು ಸೆಟ್ ಆಗಿರುತ್ತಿದ್ದವು. 1992ರ ಸೌಂಡ್ ಬ್ಲಾಸ್ಟರ್ 16 ಐಆರ್‌ಕ್ಯೂ 5ಕ್ಕೆ ಸರಿಯಿತು. ಅದಕ್ಕೆ ಡಿಎಂಎ 1ರ ಜೊತೆಗೆ 16 ಬಿಟ್‌ಗೆಂದು ಡಿಎಂಎ 5 ಕೂಡ ಬೇಕು. ಅಂದರೆ ಹಳೆಯ ಕಾರ್ಡು ಮೊದಲ ಪ್ರಿಂಟರ್ ಪೋರ್ಟಿನ ಮೇಲೆ ಕೂತರೆ, ಹೊಸದು ಎರಡನೆಯದರ ಮೇಲೆ ಕೂರುತ್ತದೆ.

ಐಎಸ್‌ಎ ಬಸ್ಸಿನಲ್ಲಿ ಇಂಟರಪ್ಟ್ ಗೆರೆಯನ್ನು ಇಬ್ಬರು ಹಂಚಿಕೊಳ್ಳಲು ಬರುವುದಿಲ್ಲ. ಗೆರೆ ಕೆಳಗಿನಿಂದ ಮೇಲಕ್ಕೆ ಏರುವ ಕ್ಷಣವನ್ನೇ ಇಂಟರಪ್ಟ್ ಎಂದು ಲೆಕ್ಕ ಹಿಡಿಯುತ್ತಾರೆ. ಒಬ್ಬರು ಗೆರೆಯನ್ನು ಕೆಳಗೆ ಹಿಡಿದಿಟ್ಟಿದ್ದರೆ ಇನ್ನೊಬ್ಬರು ಎತ್ತಿದ್ದು ಕಾಣುವುದೇ ಇಲ್ಲ. ಐಎಸ್‌ಎ ನಂತರದ ಪಿಸಿಐ ಬಸ್ಸಿನಲ್ಲಿ ಗೆರೆಯ ಮಟ್ಟವನ್ನೇ ನೋಡುವುದರಿಂದ ಹಂಚಿಕೆ ಸಾಧ್ಯ, ಅದರ ತಕರಾರುಗಳೇ ಬೇರೆ.

ಡಾಸ್‌ನಲ್ಲಿ ಚೆನ್ನಾಗಿ ನಡೆಯುತ್ತಿತ್ತಲ್ಲ ಎನ್ನುವವರಿಗೆ ಉತ್ತರವೂ ಇಲ್ಲೇ ಇದೆ. ಡಾಸ್ ಮತ್ತು ಬಯಾಸ್ (ಮದರ್‌ಬೋರ್ಡಿನಲ್ಲೇ ಇರುವ ಮೂಲ ತಂತ್ರಾಂಶ) ಪ್ರಿಂಟರಿನ ಇಂಟರಪ್ಟನ್ನು ಮುಟ್ಟುತ್ತಲೇ ಇರಲಿಲ್ಲ. ಒಂದು ಅಕ್ಷರ ಕಳಿಸುವುದು, ಬಿಡುವಾಯಿತೇ ಎಂದು 379ರ ಸ್ಟೇಟಸ್ ರಿಜಿಸ್ಟರ್ ನೋಡುವುದು, ಮುಂದಿನದನ್ನು ಕಳಿಸುವುದು, ಅಷ್ಟೆ. ಈ ಕ್ರಮಕ್ಕೆ ಪೋಲಿಂಗ್ ಎನ್ನುತ್ತಾರೆ. 37ಎ ವಿಳಾಸದ ಕಂಟ್ರೋಲ್ ರಿಜಿಸ್ಟರಿನಲ್ಲಿ 4ನೆಯ ಬಿಟ್ ಸೊನ್ನೆಯಾಗಿರುವ ತನಕ ಪ್ರಿಂಟರ್ ಪೋರ್ಟು ಐಆರ್‌ಕ್ಯೂ ಗೆರೆಯಿಂದ ವಿದ್ಯುತ್ ಸಂಪರ್ಕವನ್ನೇ ಬಿಟ್ಟಿರುತ್ತದೆ. ಹಾಗಾಗಿ ಕಾಗದದ ಮೇಲೆ ಇಬ್ಬರಿಗೂ 7 ಎಂದಿದ್ದರೂ ಗೆರೆ ಪೂರ್ತಿ ಸೌಂಡ್ ಕಾರ್ಡಿನದೇ. ಲಿನಕ್ಸ್ ಪ್ರಿಂಟರಿಗೂ ಇಂಟರಪ್ಟ್ ಕೊಡಲು ಹೊರಟ ಕೂಡಲೇ ಮುಚ್ಚಿಟ್ಟ ಜಗಳ ಬಯಲಿಗೆ ಬರುತ್ತದೆ.

ಸೌಂಡ್ ಕಾರ್ಡಿಗೆ ಇಂಟರಪ್ಟ್ ಯಾಕೆ ಬಿಡಲಾಗದ್ದು? ಡಿಎಂಎ ಚಾನೆಲ್ಲು ಪ್ರೊಸೆಸರನ್ನು ಕೇಳದೆಯೇ ಮೆಮೊರಿಯ ಬಫರಿನಿಂದ ಕಾರ್ಡಿಗೆ ಧ್ವನಿ ಸಾಗಿಸುತ್ತದೆ. ಒಂದು ಭಾಗ ಮುಗಿದಾಗ ಕಾರ್ಡು ಗಂಟೆ ಬಾರಿಸಬೇಕು. ಆಗ ಡ್ರೈವರ್ ಹೊಸ ದತ್ತಾಂಶ ತುಂಬುತ್ತದೆ. ಗಂಟೆ ತಲುಪದಿದ್ದರೂ ಡಿಎಂಎ ನಿಲ್ಲುವುದಿಲ್ಲ, ಅದೇ ಬಫರನ್ನು ಸುತ್ತಿ ಸುತ್ತಿ ಓದುತ್ತದೆ. ಅರ್ಧ ಸೆಕೆಂಡಿನ ತುಣುಕು ಗಿರಕಿ ಹೊಡೆಯುವುದು ಇದರಿಂದ. ಅಂದರೆ ತುಣುಕು ಸುತ್ತುತ್ತಿದೆ ಎಂದರೆ ಡಿಎಂಎ ಸರಿ ಇದೆ, ಐಆರ್‌ಕ್ಯೂ ಕೆಟ್ಟಿದೆ. ಏನೂ ಕೇಳದೆ ಬರೀ ಕರಕರ ಸದ್ದು ಬಂದರೆ ಡಿಎಂಎ ಕಡೆ ನೋಡಬೇಕು.

ಮೊದಲು ಸಾಕ್ಷಿ, ಆಮೇಲೆ ದುರಸ್ತಿ

ಕ್ಯಾಟ್ /ಪ್ರಾಕ್/ಇಂಟರಪ್ಟ್ಸ್
ಕ್ಯಾಟ್ /ಪ್ರಾಕ್/ಐಓಪೋರ್ಟ್ಸ್
ಕ್ಯಾಟ್ /ಪ್ರಾಕ್/ಡಿಎಂಎ

ಮೊದಲ ಆಜ್ಞೆಯ ಫಲಿತಾಂಶದಲ್ಲಿ ಬೇಕಾದದ್ದು ಎರಡೇ ಸಾಲು. ಸರಿಯಿರುವ ಯಂತ್ರದಲ್ಲಿ ಅವು ಹೀಗಿರುತ್ತವೆ:

5: 18342 ಎಕ್ಸ್‌ಟಿ-ಪಿಐಸಿ ಸೌಂಡ್‌ಬ್ಲಾಸ್ಟರ್
7: 0 ಎಕ್ಸ್‌ಟಿ-ಪಿಐಸಿ ಪಾರ್‌ಪೋರ್ಟ್0

ಮೊದಲನೆಯದು ಐಆರ್‌ಕ್ಯೂ, ಎರಡನೆಯದು ಬೂಟ್ ಆದಾಗಿನಿಂದ ಬಂದ ಇಂಟರಪ್ಟುಗಳ ಎಣಿಕೆ, ಕೊನೆಯದು ಗೆರೆ ಹಿಡಿದಿರುವ ಡ್ರೈವರ್. ಎಣಿಕೆಯೇ ಇಲ್ಲಿ ಮುಖ್ಯ. ಇನ್ನೊಂದು ಟರ್ಮಿನಲ್‌ನಲ್ಲಿ 'ವಾಚ್ -ಎನ್ 1 ಕ್ಯಾಟ್ /ಪ್ರಾಕ್/ಇಂಟರಪ್ಟ್ಸ್' ಓಡಲು ಬಿಟ್ಟು ಈ ಕಡೆ ಧ್ವನಿ ಹಾಕಿ:

ಸ್ಪೀಕರ್-ಟೆಸ್ಟ್ -ಸಿ 2 -ಟಿ ವ್ಯಾವ್

ಸೌಂಡ್ ಕಾರ್ಡಿನ ಸಾಲಿನ ಎಣಿಕೆ ಸೆಕೆಂಡಿಗೆ ಕೆಲವಾದರೂ ಏರಬೇಕು. ಕದಲದೆ ನಿಂತಿದ್ದರೆ ಡ್ರೈವರ್ ನಂಬಿರುವ ಐಆರ್‌ಕ್ಯೂ ಮತ್ತು ಕಾರ್ಡ್ ನಿಜವಾಗಿ ಬಳಸುವ ಐಆರ್‌ಕ್ಯೂ ಬೇರೆ ಬೇರೆ, ಇಲ್ಲವೆ ಗೆರೆಯನ್ನು ಇನ್ಯಾರೋ ಹಿಡಿದಿಟ್ಟಿದ್ದಾರೆ. ಆ ಸಾಲೇ ಕಾಣದಿದ್ದರೆ ಡ್ರೈವರ್ ಲೋಡ್ ಆಗಿಲ್ಲ.

ಆಮೇಲೆ ಪ್ಯಾರಲಲ್ ಪೋರ್ಟಿನ ಡ್ರೈವರಾದ ಪಾರ್‌ಪೋರ್ಟ್ ಬಗ್ಗೆ ಕರ್ನಲ್ ಏನು ಹೇಳಿದೆ ನೋಡಿ:

ಡಿಮೆಸೇಜ್ | ಗ್ರೆಪ್ -ಐ ಪಾರ್‌ಪೋರ್ಟ್

(ಡಿಮೆಸೇಜ್ ಎಂದದ್ದನ್ನು ಟೈಪ್ ಮಾಡುವಾಗ ಡಿ, ಎಂ, ಇ, ಎಸ್, ಜಿ ಎಂಬ ಐದೇ ಅಕ್ಷರ.) ಪೋರ್ಟ್ ಸಿಕ್ಕಿದ್ದರೆ '378 (778), ಐಆರ್‌ಕ್ಯೂ 7, ಡಿಎಂಎ 3' ಎಂಬಂಥ ಸಾಲು ಇರುತ್ತದೆ. ಬ್ರಾಕೆಟ್ಟಿನ 778 ಎಂದರೆ ಇಸಿಪಿ (ಪ್ಯಾರಲಲ್ ಪೋರ್ಟಿನ ವೇಗದ ಬಗೆ) ರಿಜಿಸ್ಟರುಗಳ ಜಾಗ, ಮೂಲ ವಿಳಾಸಕ್ಕೆ 400 ಕೂಡಿದ್ದು. ಸೌಂಡ್ ಡ್ರೈವರ್ ಮೊದಲೇ ಬಂದು 7ನ್ನು ಹಿಡಿದಿದ್ದರೆ, 'ಐಆರ್‌ಕ್ಯೂ 7 ಬಳಕೆಯಲ್ಲಿದೆ, ಪೋಲಿಂಗ್‌ಗೆ ಮರಳುತ್ತಿದ್ದೇನೆ' ಎಂಬ ಅರ್ಥದ ಸಾಲನ್ನು ಪಾರ್‌ಪೋರ್ಟ್ ಬರೆದು ಸುಮ್ಮನೆ ಕೆಲಸ ಮುಂದುವರಿಸುತ್ತದೆ. ಪ್ರಿಂಟರ್ ಮೊದಲು ಬಂದರೆ ಅಷ್ಟು ಸುಖವಿಲ್ಲ: ಸೌಂಡ್ ಡ್ರೈವರ್ 'ಐಆರ್‌ಕ್ಯೂ 7 ಹಿಡಿಯಲಾಗಲಿಲ್ಲ' ಎಂದು ಹೇಳಿ ಲೋಡ್ ಆಗದೆ ಹೊರಟುಹೋಗುತ್ತದೆ. ಒಂದು ದಿನ ಸೌಂಡ್ ಇದ್ದು ಇನ್ನೊಂದು ದಿನ ಇಲ್ಲದ ಕಣ್ಣಾಮುಚ್ಚಾಲೆ ಇದೇ. ಬೂಟ್ ಆಗುವಾಗ ಯಾವ ಮಾಡ್ಯೂಲ್ (ಕರ್ನಲ್ಲಿಗೆ ಬೇಕಾದಾಗ ಸೇರುವ ಡ್ರೈವರ್) ಮೊದಲು ಓಡಿತೋ ಅದರದ್ದು ಗೆರೆ.

ಹಳೆಯ ಓಎಸ್‌ಎಸ್ ಸೌಂಡ್ ಡ್ರೈವರುಗಳಲ್ಲಿ ಡಿಎಂಎ ಟೈಮ್‌ಔಟ್ ಎಂಬ ಸಾಲಿನ ಕೊನೆಗೆ 'ಐಆರ್‌ಕ್ಯೂ/ಡಿಆರ್‌ಕ್ಯೂ ಕಾನ್ಫಿಗ್ ತಪ್ಪೇ?' ಎಂಬ ಪ್ರಶ್ನೆ ಬರುತ್ತದೆ. 2.6ರಿಂದ ಕರ್ನಲ್ಲಿನೊಳಗೇ ಇರುವ ಆಲ್ಸಾ ಸೌಂಡ್ ವ್ಯವಸ್ಥೆ ಕೂಡ ಅದನ್ನೇ ಬೇರೆ ಮಾತಿನಲ್ಲಿ ಕೇಳುತ್ತದೆ: ಪ್ಲೇಬ್ಯಾಕ್ ರೈಟ್ ಎರರ್, ಡಿಎಂಎ ಇಲ್ಲವೆ ಐಆರ್‌ಕ್ಯೂ ತೊಂದರೆಯೇ? ಎಂದು.

ಎಚ್ಚರ: 'ಸ್ಪೂರಿಯಸ್ 8259ಎ ಇಂಟರಪ್ಟ್: ಐಆರ್‌ಕ್ಯೂ7' ಎಂಬ ಒಂಟಿ ಸಾಲು ಕಂಡರೆ ಪ್ರಿಂಟರಿನ ಮೇಲೆ ಅಪವಾದ ಹೊರಿಸಬೇಡಿ. ಇಂಟರಪ್ಟ್ ಎತ್ತಿದವರು ಪ್ರೊಸೆಸರ್ ಓಗೊಡುವ ಮೊದಲೇ ಕೈ ಕೆಳಗಿಳಿಸಿದರೆ, ಯಾರು ಕರೆದರೆಂದು ತಿಳಿಯದೆ ಇಂಟರಪ್ಟ್ ನಿರ್ವಹಿಸುವ 8259 ಚಿಪ್ಪು 7 ಎಂದೇ ಹೇಳುತ್ತದೆ. ಆ ಚಿಪ್ಪಿನ ಗುಣವೇ ಅದು.

ಪ್ರಿಂಟರಿನಿಂದ ಇಂಟರಪ್ಟ್ ಕಿತ್ತುಕೊಳ್ಳುವುದು

/ಇಟಿಸಿ/ಮಾಡ್‌ಪ್ರೋಬ್.ಡಿ/ ಫೋಲ್ಡರಿನಲ್ಲಿ ಪಾರ್‌ಪೋರ್ಟ್.ಕಾನ್ಫ್ ಎಂಬ ಹೊಸ ಫೈಲ್ ಮಾಡಿ ಈ ಒಂದು ಸಾಲು ಬರೆಯಿರಿ:

ಆಪ್ಷನ್ಸ್ ಪಾರ್‌ಪೋರ್ಟ್_ಪಿಸಿ ಐಓ=0ಎಕ್ಸ್378 ಐಆರ್‌ಕ್ಯೂ=ನನ್ ಡಿಎಂಎ=ನನ್

'ನನ್' ಎಂದರೆ ಇಲ್ಲ ಎಂಬ ಇಂಗ್ಲಿಷ್ ಪದ: ಎನ್, ಓ, ಎನ್, ಇ. ಐಓ ಭಾಗ ಬಿಟ್ಟು ಬರೀ ಐಆರ್‌ಕ್ಯೂ=ನನ್ ಬರೆಯುವುದು ಸಾಮಾನ್ಯವಾಗಿ ಕಾಣುವ ತಪ್ಪು. ವಿಳಾಸ ಕೊಡದಿದ್ದರೆ ಡ್ರೈವರ್ ತಾನೇ ಹುಡುಕಲು ಹೋಗಿ, ಬಯಾಸ್‌ನ ಪ್ಲಗ್ ಅಂಡ್ ಪ್ಲೇ (ಸಾಧನಗಳಿಗೆ ತಾನಾಗಿ ಐಆರ್‌ಕ್ಯೂ ಹಂಚುವ ವ್ಯವಸ್ಥೆ) ಪಟ್ಟಿಯಲ್ಲಿರುವ ಐಆರ್‌ಕ್ಯೂ 7ನ್ನೇ ಎತ್ತಿಕೊಳ್ಳುತ್ತದೆ, ನಿಮ್ಮ ಸಾಲು ಅಲ್ಲಿ ಲೆಕ್ಕಕ್ಕಿಲ್ಲ. ವಿಳಾಸ ಕೊಟ್ಟರೆ ಆ ಪೋರ್ಟನ್ನು ಮಾತ್ರ, ನೀವು ಹೇಳಿದ ಹಾಗೆ ಮಾತ್ರ ತೆರೆಯುತ್ತದೆ. ಎರಡು ಪೋರ್ಟ್ ಇದ್ದರೆ ಅಲ್ಪವಿರಾಮ ಹಾಕಿ, ಮಧ್ಯೆ ಜಾಗ ಬಿಡದೆ ಬರೆಯಿರಿ: ಐಓ=0ಎಕ್ಸ್378,0ಎಕ್ಸ್278 ಐಆರ್‌ಕ್ಯೂ=ನನ್,ನನ್ ಡಿಎಂಎ=ನನ್,ನನ್.

ಈಗ ಹಳೆಯ ಮಾಡ್ಯೂಲ್ ಇಳಿಸಿ ಹೊಸದಾಗಿ ಏರಿಸಬೇಕು. ಕಪ್ಸ್ (ಲಿನಕ್ಸ್‌ನ ಮುದ್ರಣ ಸೇವೆ) ನಡೆಯುತ್ತಿದ್ದರೆ ಮೊದಲು ನಿಲ್ಲಿಸಿ, ಇಲ್ಲದಿದ್ದರೆ ಮಾಡ್ಯೂಲ್ ಬಳಕೆಯಲ್ಲಿದೆ ಎಂದು ಇಳಿಯುವುದಿಲ್ಲ.

ಸಿಸ್ಟಮ್‌ಸಿಟಿಎಲ್ ಸ್ಟಾಪ್ ಕಪ್ಸ್
ಮಾಡ್‌ಪ್ರೋಬ್ -ಆರ್ ಎಲ್‌ಪಿ ಪಿಪಿಡೆವ್ ಪಾರ್‌ಪೋರ್ಟ್_ಪಿಸಿ
ಮಾಡ್‌ಪ್ರೋಬ್ ಪಾರ್‌ಪೋರ್ಟ್_ಪಿಸಿ
ಮಾಡ್‌ಪ್ರೋಬ್ ಎಲ್‌ಪಿ
ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್ ಕಪ್ಸ್

ಕರ್ನಲ್ ಸಂದೇಶದಲ್ಲಿ ಈಗ 'ಎಲ್‌ಪಿ0: ಪಾರ್‌ಪೋರ್ಟ್0 ಬಳಸುತ್ತಿದೆ' ಎಂಬ ಸಾಲಿನ ಕೊನೆಯ ಬ್ರಾಕೆಟ್ಟಿನಲ್ಲಿ ಪೋಲಿಂಗ್ ಎಂದಿರಬೇಕು. ಇಂಟರಪ್ಟ್-ಡ್ರಿವನ್ ಎಂದೇ ಉಳಿದಿದ್ದರೆ ಫೈಲಿನ ಹೆಸರು .ಕಾನ್ಫ್‌ನಲ್ಲಿ ಮುಗಿದಿದೆಯೇ, ಪದಗಳಲ್ಲಿ ತಪ್ಪಿದೆಯೇ ನೋಡಿ. ಇನ್ನೊಂದು ಗುರುತು: /ಪ್ರಾಕ್/ಸಿಸ್/ಡೆವ್/ಪಾರ್‌ಪೋರ್ಟ್/ಪಾರ್‌ಪೋರ್ಟ್0/ಐಆರ್‌ಕ್ಯೂ ಫೈಲಿನಲ್ಲಿ -1 ಇದ್ದರೆ ಇಂಟರಪ್ಟ್ ಇಲ್ಲ ಎಂದರ್ಥ. ಪಕ್ಕದ ಡಿಎಂಎ ಫೈಲಿಗೂ ಅದೇ ನಿಯಮ.

ಡೆಬಿಯನ್ ಬಳಗದಲ್ಲಿ ಪ್ಯಾರಲಲ್ ಪ್ರಿಂಟರ್ ಇಲ್ಲದ ಯಂತ್ರದಲ್ಲೂ ಈ ಮಾಡ್ಯೂಲುಗಳು ಬೂಟ್‌ನಲ್ಲೇ ಏರಿರುವುದುಂಟು. /ಇಟಿಸಿ/ಮಾಡ್ಯೂಲ್ಸ್-ಲೋಡ್.ಡಿ/ ಒಳಗೆ ಕಪ್ಸ್-ಫಿಲ್ಟರ್ಸ್.ಕಾನ್ಫ್ ಎಂಬ ಫೈಲ್ ಎಲ್‌ಪಿ, ಪಿಪಿಡೆವ್, ಪಾರ್‌ಪೋರ್ಟ್_ಪಿಸಿ ಮೂರನ್ನೂ ಕರೆಯುತ್ತದೆ. ಪ್ರಿಂಟರೇ ಇಲ್ಲದೆ ಸೌಂಡ್ ಹೋಗಿದ್ದರೆ ಆ ಮೂರು ಸಾಲಿನ ಮುಂದೆ ಹ್ಯಾಶ್ ಹಾಕಿ ರೀಬೂಟ್ ಮಾಡಿದರೆ ಸಾಕು. ಪಾರ್‌ಪೋರ್ಟನ್ನು ಕರ್ನಲ್ಲಿನೊಳಗೇ ಸೇರಿಸಿ ಕಟ್ಟಿದ್ದರೆ ಮಾಡ್‌ಪ್ರೋಬ್ ಫೈಲ್ ಕೆಲಸಕ್ಕೆ ಬಾರದು; ಬೂಟ್ ಸಾಲಿನಲ್ಲಿ ಪಾರ್‌ಪೋರ್ಟ್=0ಎಕ್ಸ್378 ಎಂದು ಬರೆಯಿರಿ. ವಿಳಾಸದ ನಂತರ ಐಆರ್‌ಕ್ಯೂ ಸಂಖ್ಯೆ ಕೊಡದಿದ್ದರೆ ಅದು ಇಂಟರಪ್ಟ್ ಬಳಸುವುದಿಲ್ಲ.

ಪೋಲಿಂಗ್‌ಗೆ ಬೆಲೆ ಇಲ್ಲವೆಂದಲ್ಲ. ಪೆಂಟಿಯಂ ತರಗತಿಯ ಯಂತ್ರದಲ್ಲಿ ಗೊತ್ತೇ ಆಗುವುದಿಲ್ಲ, 486ರಲ್ಲಿ ಗೊತ್ತಾಗುತ್ತದೆ: ನಿಧಾನದ ಡಾಟ್ ಮ್ಯಾಟ್ರಿಕ್ಸ್ ಬಿಡುವಾಗುವುದನ್ನು ಕಾಯುತ್ತ ಪ್ರೊಸೆಸರ್ ಸುಮ್ಮನೆ ಸುತ್ತಿ, ಆ ಹೊತ್ತಿಗೆ ಹಾಡು ತುಂಡಾಗಬಹುದು. ಐಆರ್‌ಕ್ಯೂ ಫೈಲಿದ್ದ ಅದೇ ಫೋಲ್ಡರಿನಲ್ಲಿ ಸ್ಪಿನ್‌ಟೈಮ್ ಎಂಬ ಫೈಲಿದೆ, ಹೀಗೆ ಕಾಯುವ ಮೈಕ್ರೊಸೆಕೆಂಡುಗಳ ಲೆಕ್ಕ ಅದರಲ್ಲಿರುತ್ತದೆ. ಇರುವ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಎಕೋ ಆಜ್ಞೆಯಿಂದ 50ರಷ್ಟಕ್ಕೆ ಇಳಿಸಿ ನೋಡಿ. ಸೌಂಡ್ ಕಡೆಯಿಂದ ಬಫರ್ ದೊಡ್ಡದು ಮಾಡುವುದೂ ಆಗುತ್ತದೆ: ಎಪ್ಲೇ ಆಜ್ಞೆಗೆ --ಬಫರ್-ಟೈಮ್=500000 ಎಂದು ಕೊಟ್ಟರೆ ಅರ್ಧ ಸೆಕೆಂಡಿನ ಬಫರ್ ಕೇಳಿದ ಹಾಗೆ.

ಡಿಎಂಎ 3ರ ಬಲೆ

ಐಆರ್‌ಕ್ಯೂ ಬೇರೆ ಮಾಡಿದ ಮೇಲೂ, ಹಾಡು ಚೆನ್ನಾಗಿ ಕೇಳಿಸುತ್ತದೆ ಆದರೆ ಮೈಕಿನಿಂದ ರೆಕಾರ್ಡ್ ಆಗುವುದಿಲ್ಲ ಎಂದರೆ ಕಾರಣ ಬಹುತೇಕ ಇದು. ಕ್ರಿಸ್ಟಲ್ 4236, ಇಎಸ್‌ಎಸ್ 1868, ಯಮಹಾ ಓಪಿಎಲ್3-ಎಸ್‌ಎ ಬಳಗದ ಕಾರ್ಡುಗಳು ನುಡಿಸುವುದಕ್ಕೆ ಒಂದು, ರೆಕಾರ್ಡಿಗೆ ಇನ್ನೊಂದು ಎಂದು ಎರಡು 8 ಬಿಟ್ ಡಿಎಂಎ ಚಾನೆಲ್ ಕೇಳುತ್ತವೆ. 2ನೆಯದು ಫ್ಲಾಪಿಗೆ ಮೀಸಲು. 1 ನುಡಿಸಲು ಹೋದರೆ ಉಳಿದದ್ದು 0 ಮತ್ತು 3. ಬಯಾಸ್‌ನಲ್ಲಿ ಪ್ರಿಂಟರ್ ಪೋರ್ಟನ್ನು ಇಸಿಪಿಗೆ ಇಟ್ಟಿದ್ದರೆ ಅದೂ ವಾಡಿಕೆಯಂತೆ ಡಿಎಂಎ 3ನ್ನೇ ಕೇಳುತ್ತದೆ.

ಮೇಲಿನ ಸಾಲಿನಲ್ಲಿ ಡಿಎಂಎ=ನನ್ ಬರೆದದ್ದು ಇದೇ ಕಾರಣಕ್ಕೆ. ಬಯಾಸ್‌ನಲ್ಲೂ ಬದಲಿಸಿಬಿಡುವುದು ಒಳ್ಳೆಯದು. ಅವಾರ್ಡ್ ಬಯಾಸ್ ಆದರೆ ಇಂಟಿಗ್ರೇಟೆಡ್ ಪೆರಿಫೆರಲ್ಸ್ ಪುಟಕ್ಕೆ ಹೋಗಿ, ಪ್ಯಾರಲಲ್ ಪೋರ್ಟ್ ಮೋಡ್ ಎಂಬಲ್ಲಿ ಇಸಿಪಿ ಇದ್ದದ್ದನ್ನು ಎಸ್‌ಪಿಪಿ (ಸಾದಾ ಬಗೆ) ಅಥವಾ ನಾರ್ಮಲ್ ಮಾಡಿ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಎಸ್‌ಪಿಪಿಯೇ ಧಾರಾಳ. ಅದರ ಸೂಜಿಗಳ ವೇಗಕ್ಕಿಂತ ಪೋರ್ಟು ಎಷ್ಟೋ ಮುಂದಿರುತ್ತದೆ. ಪೋರ್ಟಿಗೆ ಸ್ಕ್ಯಾನರ್ ಅಥವಾ ಜಿಪ್ ಡ್ರೈವ್ ಕೂಡ ಹಾಕುವವರು ಇಪಿಪಿ ಎಂಬ ಇನ್ನೊಂದು ವೇಗದ ಬಗೆಗೆ ಇಡಿ, ಅದಕ್ಕೂ ಡಿಎಂಎ ಬೇಡ. ಇಸಿಪಿಯೇ ಬೇಕೆನ್ನುವ ಲೇಸರ್ ಪ್ರಿಂಟರ್ ಇದ್ದರೆ ಸೌಂಡ್ ಕಾರ್ಡಿನ ಎರಡನೆಯ ಚಾನೆಲನ್ನು 0ಗೆ ಕಳಿಸಿ. ಕ್ರಿಸ್ಟಲ್, ಇಎಸ್‌ಎಸ್ ಎರಡರ ಡ್ರೈವರಿನಲ್ಲೂ ಆ ಆಪ್ಷನ್ನಿನ ಹೆಸರು ಡಿಎಂಎ2.

ಕಾರ್ಡನ್ನೇ ಸರಿಸಬೇಕಾದಾಗ

ಪ್ರಿಂಟರನ್ನು ಪೋಲಿಂಗ್‌ಗೆ ಹಾಕಿದ ಮೇಲೆ ಕಾರ್ಡು 7ರಲ್ಲೇ ಇದ್ದರೂ ನಡೆಯುತ್ತದೆ. ಆದರೂ ಅದೇ ಯಂತ್ರದಲ್ಲಿ ಬೇರೆ ಆಪರೇಟಿಂಗ್ ಸಿಸ್ಟಮ್ ಕೂಡ ಇದ್ದರೆ, ಇಲ್ಲವೆ ಪೋರ್ಟಿಗೆ ಇಂಟರಪ್ಟ್ ನಿಜವಾಗಿ ಬೇಕಾದ ಸಾಧನ ಸೇರಿದರೆ ಕಾರ್ಡನ್ನು ಸರಿಸುವುದೇ ಶಾಶ್ವತ ದಾರಿ.

ಸೌಂಡ್ ಬ್ಲಾಸ್ಟರ್ 2.0 ಮತ್ತು ಪ್ರೊನಲ್ಲಿ ಐಆರ್‌ಕ್ಯೂ ಜಂಪರಿನದು. ಯಂತ್ರದ ಪವರ್ ಕೇಬಲ್ ಕಿತ್ತು, ಕೈಯಿಂದ ಕ್ಯಾಬಿನೆಟ್ಟಿನ ಬರಿ ಲೋಹ ಮುಟ್ಟಿ, ಆಮೇಲೆ ಕಾರ್ಡ್ ಹೊರತೆಗೆಯಿರಿ. ಜಂಪರನ್ನು 7ರಿಂದ 5ಕ್ಕೆ ಸರಿಸಿ, ಹೊಸ ಸಂಖ್ಯೆಯನ್ನು ಕಾರ್ಡಿನ ಲೋಹದ ಪಟ್ಟಿಯ ಮೇಲೆ ಮಾರ್ಕರಿನಲ್ಲಿ ಬರೆದಿಡಿ. ಮುಂದಿನ ಸಲ ಬಿಚ್ಚುವವರು ಹರಸುತ್ತಾರೆ. ಡ್ರೈವರ್ ಸಾಲು:

ಆಪ್ಷನ್ಸ್ ಎಸ್‌ಎನ್‌ಡಿ-ಎಸ್‌ಬಿ8 ಪೋರ್ಟ್=0ಎಕ್ಸ್220 ಐಆರ್‌ಕ್ಯೂ=5 ಡಿಎಂಎ8=1

ಪ್ಲಗ್ ಅಂಡ್ ಪ್ಲೇ ಅಲ್ಲದ ಸೌಂಡ್ ಬ್ಲಾಸ್ಟರ್ 16ರಲ್ಲಿ ಐಆರ್‌ಕ್ಯೂ, ಡಿಎಂಎ ಎರಡನ್ನೂ ಡ್ರೈವರೇ ಕಾರ್ಡಿನ ಮಿಕ್ಸರ್ ಚಿಪ್ಪಿನೊಳಗೆ ಬರೆಯುತ್ತದೆ. ಹಾಗಾಗಿ ಈ ಸಾಲೇ ಜಂಪರ್ ಇದ್ದ ಹಾಗೆ:

ಆಪ್ಷನ್ಸ್ ಎಸ್‌ಎನ್‌ಡಿ-ಎಸ್‌ಬಿ16 ಐಎಸ್‌ಎಪಿಎನ್‌ಪಿ=0 ಪೋರ್ಟ್=0ಎಕ್ಸ್220 ಐಆರ್‌ಕ್ಯೂ=5 ಡಿಎಂಎ8=1 ಡಿಎಂಎ16=5

ಐಆರ್‌ಕ್ಯೂಗೆ ಈ ಕಾರ್ಡು ಒಪ್ಪುವುದು 9, 5, 7, 10 ನಾಲ್ಕನ್ನೇ (9ನ್ನು ಹಳೆಯ ಕೈಪಿಡಿಗಳು 2 ಎಂದು ಬರೆಯುತ್ತವೆ). 11 ಖಾಲಿ ಇದೆಯೆಂದು ಕೊಟ್ಟರೆ ಕೇಳುವುದಿಲ್ಲ. 5ರಲ್ಲಿ ನೆಟ್‌ವರ್ಕ್ ಕಾರ್ಡ್ ಕೂತಿದ್ದರೆ 10 ಕೊಡಿ.

ಪ್ಲಗ್ ಅಂಡ್ ಪ್ಲೇ ಕಾರ್ಡಿಗೆ ಜಂಪರೂ ಇಲ್ಲ, ಐಆರ್‌ಕ್ಯೂ ಹಂಚುವವರು ಬಯಾಸ್ ಮತ್ತು ಕರ್ನಲ್. ಯಾರಿಗೆ ಏನು ಸಿಕ್ಕಿದೆ ಎಂದು /ಸಿಸ್/ಬಸ್/ಪಿಎನ್‌ಪಿ/ಡಿವೈಸಸ್/ ಒಳಗಿನ ಪ್ರತಿ ಸಾಧನದ ರಿಸೋರ್ಸಸ್ ಫೈಲ್ ಹೇಳುತ್ತದೆ. ಐಡಿ ಫೈಲಿನಲ್ಲಿ ಪಿಎನ್‌ಪಿ0400 ಎಂದಿದ್ದರೆ ಸಾಮಾನ್ಯ ಪ್ರಿಂಟರ್ ಪೋರ್ಟ್, ಪಿಎನ್‌ಪಿ0401 ಆದರೆ ಇಸಿಪಿ ಪೋರ್ಟ್. 7ನ್ನು ಯಾರಿಗೂ ಹಂಚಬೇಡ ಎಂದು ಕರ್ನಲ್ಲಿಗೆ ಹೇಳಲು ಬೂಟ್ ಸಾಲಿಗೆ ಇದನ್ನು ಸೇರಿಸಿ:

ಪಿಎನ್‌ಪಿ_ರಿಸರ್ವ್_ಐಆರ್‌ಕ್ಯೂ=7

ಜೊತೆಗೆ ಬಯಾಸ್‌ನ ಪಿಎನ್‌ಪಿ/ಪಿಸಿಐ ಕಾನ್ಫಿಗರೇಶನ್ ಪುಟದಲ್ಲಿ ಐಆರ್‌ಕ್ಯೂ 7ರ ಮುಂದೆ ಲೆಗಸಿ ಐಎಸ್‌ಎ ಎಂದು ಇಡಿ. ಪಿಎನ್‌ಪಿ ಓಎಸ್ ಇನ್‌ಸ್ಟಾಲ್ಡ್ ಎಂಬ ಪ್ರಶ್ನೆಗೆ ಇಲ್ಲ ಎನ್ನಿ. ಹೌದು ಎಂದಿದ್ದರೆ ಬಯಾಸ್ ಅರ್ಧ ಕೆಲಸವನ್ನು ಆಪರೇಟಿಂಗ್ ಸಿಸ್ಟಮಿಗೆ ಬಿಟ್ಟು ಕೈ ತೊಳೆದುಕೊಳ್ಳುತ್ತದೆ.

ಪಕ್ಕದ ಮಾತೊಂದು. ಪ್ಲಗ್ ಅಂಡ್ ಪ್ಲೇ ಕಾರ್ಡುಗಳನ್ನು ಕರೆಯುವ ವಿಳಾಸ ಎಲ್ಲಿದೆ ಗೊತ್ತೇ? 279, ಅಂದರೆ ಎರಡನೆಯ ಪ್ರಿಂಟರ್ ಪೋರ್ಟಿನ ಸ್ಟೇಟಸ್ ರಿಜಿಸ್ಟರ್. ಓದಲಿಕ್ಕಷ್ಟೇ ಇರುವ ರಿಜಿಸ್ಟರಿಗೆ ಬರೆದರೆ ಪ್ರಿಂಟರಿಗೇನೂ ಆಗದು ಎಂಬ ಧೈರ್ಯದಿಂದ ಅದನ್ನು ಆರಿಸಿಕೊಂಡರು. ಪ್ರಿಂಟರ್ ಮತ್ತು ಸೌಂಡ್ ಕಾರ್ಡಿನ ನಂಟು ಅಷ್ಟು ಹಳೆಯದು.

ಪಿಸಿಐ ಯಂತ್ರವಾದರೆ

ಐಎಸ್‌ಎ ಸ್ಲಾಟ್ ಇಲ್ಲದ ಯಂತ್ರದಲ್ಲಿ, ಬಿಲ್ ಹೊಡೆಯುವ ಡಾಟ್ ಮ್ಯಾಟ್ರಿಕ್ಸ್‌ಗೆಂದು ಪಿಸಿಐ ಪ್ಯಾರಲಲ್ ಕಾರ್ಡ್ ಹಾಕಿಸಿರುತ್ತಾರೆ. ಕಾರ್ಬನ್ ಪ್ರತಿ ಬೇಕೆನ್ನುವ ಕೌಂಟರಿಗೆ ಬೇರೆ ಪ್ರಿಂಟರ್ ಆಗಿಬರುವುದಿಲ್ಲವಲ್ಲ. ಇಲ್ಲಿ ಬರುವ ಸಂದೇಶ ಬೇರೆ: 'ಐಆರ್‌ಕ್ಯೂ 17: ನೋಬಡಿ ಕೇರ್ಡ್', ಅದರ ಬೆನ್ನಿಗೇ 'ಡಿಸೇಬ್ಲಿಂಗ್ ಐಆರ್‌ಕ್ಯೂ #17'. ಹಂಚಿಕೊಂಡ ಗೆರೆಯಲ್ಲಿ ಯಾರೋ ಇಂಟರಪ್ಟ್ ಎತ್ತುತ್ತಲೇ ಇದ್ದಾರೆ, ಇದು ನನ್ನದು ಎಂದು ಯಾವ ಡ್ರೈವರೂ ಹೇಳುತ್ತಿಲ್ಲ. ಒಂದು ಲಕ್ಷ ಇಂಟರಪ್ಟುಗಳಲ್ಲಿ 99,900ಕ್ಕಿಂತ ಹೆಚ್ಚು ಹೀಗೆ ಅನಾಥವಾದರೆ ಕರ್ನಲ್ ಆ ಗೆರೆಯನ್ನೇ ಕತ್ತರಿಸುತ್ತದೆ. ಆಗ ತಪ್ಪು ಮಾಡದ ಸೌಂಡ್ ಕಾರ್ಡೂ ಜೊತೆಗೆ ಸಾಯುತ್ತದೆ.

ಸಂದೇಶವೇ ಸೂಚಿಸುವ ಐಆರ್‌ಕ್ಯೂಪೋಲ್ ಬೂಟ್ ಆಪ್ಷನ್ ತಾತ್ಕಾಲಿಕ ಪಟ್ಟಿ ಕಟ್ಟಿದ ಹಾಗೆ. ಅದನ್ನೇ ಮದ್ದು ಎಂದುಕೊಳ್ಳಬೇಡಿ. ಮೊದಲು ಕಾರ್ಡನ್ನು ಬೇರೆ ಸ್ಲಾಟಿಗೆ ಹಾಕಿ. ಸ್ಲಾಟಿನಿಂದ ಸ್ಲಾಟಿಗೆ ಇಂಟರಪ್ಟ್ ತಂತಿಗಳನ್ನು ತಿರುಗಿಸಿ ಜೋಡಿಸಿರುವುದರಿಂದ ಗೆರೆ ಬದಲಾಗುತ್ತದೆ. ಬೇರೆ ಸ್ಲಾಟ್ ಇಲ್ಲದಿದ್ದರೆ 'ಎಲ್‌ಎಸ್‌ಪಿಸಿಐ -ವಿ' ಓಡಿಸಿ ಪ್ಯಾರಲಲ್ ಕಾರ್ಡಿನ ಮೊದಲ ಐ/ಓ ವಿಳಾಸ ನೋಡಿಕೊಳ್ಳಿ. ಅದು ಡಿ800 ಎಂದಿದ್ದರೆ:

ಆಪ್ಷನ್ಸ್ ಪಾರ್‌ಪೋರ್ಟ್_ಪಿಸಿ ಐಓ=0ಎಕ್ಸ್ಡಿ800 ಐಓ_ಎಚ್‌ಐ=0 ಐಆರ್‌ಕ್ಯೂ=ನನ್

ಐಓ_ಎಚ್‌ಐ=0 ಎಂದರೆ ಇಸಿಪಿ ಹುಡುಕಬೇಡ ಎಂದು. ಅದಿಲ್ಲದಿದ್ದರೆ ಡ್ರೈವರ್ ವಿಳಾಸಕ್ಕೆ 400 ಕೂಡಿ, ಬೇರೆ ಸಾಧನದ ಜಾಗವನ್ನು ಕೆದಕಬಹುದು. ಕಾರ್ಡ್ ಇರುವ ಸ್ಲಾಟ್ ಬದಲಿಸಿದರೆ ಈ ವಿಳಾಸವೂ ಬದಲಾಗುತ್ತದೆ, ನೆನಪಿರಲಿ.

ಮದರ್‌ಬೋರ್ಡಿನ ಸೌಂಡಿಗೆ /ಪ್ರಾಕ್/ಇಂಟರಪ್ಟ್ಸ್ ಸಾಲಿನಲ್ಲಿ ಪಿಸಿಐ-ಎಂಎಸ್‌ಐ (ಗೆರೆಯ ಬದಲು ಸಂದೇಶವಾಗಿ ಹೋಗುವ ಇಂಟರಪ್ಟ್) ಎಂದಿದ್ದರೆ ಅದಕ್ಕೆ ಸ್ವಂತ ಇಂಟರಪ್ಟ್ ಇದೆ. ಅಂಥ ಕಡೆ ಪ್ರಿಂಟರಿನೊಂದಿಗೆ ಐಆರ್‌ಕ್ಯೂ ಜಗಳ ಆಗುವಂತೆಯೇ ಇಲ್ಲ, ಇನ್ನೇನೋ ಕೆಟ್ಟಿದೆ. ಎಂಎಸ್‌ಐ ಇಲ್ಲದೆ ಹಂಚಿಕೊಂಡಿದ್ದರೆ ಎಸ್‌ಎನ್‌ಡಿ-ಎಚ್‌ಡಿಎ-ಇಂಟೆಲ್ ಡ್ರೈವರಿಗೆ ಎನೇಬಲ್_ಎಂಎಸ್‌ಐ=1 ಕೊಟ್ಟು ನೋಡಬಹುದು.

ಯುಎಸ್‌ಬಿ ಪ್ರಿಂಟರ್, ಯುಎಸ್‌ಬಿ ಸೌಂಡ್ ಎರಡೂ ಒಂದೇ ಹಬ್ಬಿನಲ್ಲಿದ್ದು ಪ್ರಿಂಟ್ ಹೊಡೆದಾಗ ಧ್ವನಿ ಒಡೆದರೆ ಇಂಟರಪ್ಟ್ ಹುಡುಕಬೇಡಿ. ಧ್ವನಿಗೆ ಬಸ್ಸಿನಲ್ಲಿ ಮೊದಲೇ ಕಾಯ್ದಿಟ್ಟ ಪಾಲಿರುತ್ತದೆ, ಪ್ರಿಂಟರ್ ಉಳಿದದ್ದರಲ್ಲಿ ಸಾಗುತ್ತದೆ. ತೊಂದರೆ ಹೆಚ್ಚಾಗಿ ಸ್ವಂತ ಅಡಾಪ್ಟರ್ ಇಲ್ಲದ ಅಗ್ಗದ ಹಬ್ಬಿನದು. ಡಿಮೆಸೇಜ್‌ನಲ್ಲಿ ರೀಸೆಟ್ ಎಂಬ ಸಾಲುಗಳು ಕಾಣುತ್ತವೆ. 'ಎಲ್‌ಎಸ್‌ಯುಎಸ್‌ಬಿ -ಟಿ' ನೋಡಿ ಸೌಂಡನ್ನು ಯಂತ್ರದ ಹಿಂಬದಿಯ ಬೇರೆ ಪೋರ್ಟಿಗೆ ನೇರ ಹಾಕಿ. ಎರರ್ -28 ಬಂದರೆ ಮಾತ್ರ ಬ್ಯಾಂಡ್‌ವಿಡ್ತ್ ಸಾಲದು ಎಂದರ್ಥ, ಅದಕ್ಕೂ ಕಾರಣ ವೆಬ್‌ಕ್ಯಾಮ್ ಇರಬಹುದೇ ಹೊರತು ಪ್ರಿಂಟರ್ ಅಲ್ಲ.

ಜಗಳವೆಂದು ಕಾಣುವ, ಜಗಳವಲ್ಲದ ಸಂಗತಿಗಳು

ಪ್ರಿಂಟರ್ ಆನ್ ಮಾಡಿದೊಡನೆ ಸ್ಪೀಕರಿನಲ್ಲಿ ಗುಂಯ್ ಎನ್ನುವುದು ಅರ್ಥಿಂಗಿನ ತೊಂದರೆ. ಪ್ರಿಂಟರಿನ ಪವರ್ ಹಾಗೇ ಇಟ್ಟು ಡೇಟಾ ಕೇಬಲ್ ಮಾತ್ರ ಕೀಳಿ. ಗುಂಯ್ ನಿಂತರೆ ಎರಡು ಬೇರೆ ಪ್ಲಗ್ಗುಗಳ ಅರ್ತ್ ನಡುವೆ ಕೇಬಲ್ ಮೂಲಕ ಕರೆಂಟು ಹರಿಯುತ್ತಿದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ, ಮೂರು ಪಿನ್ನಿನ ಪ್ಲಗ್ಗಿನಿಂದಲೇ ಹಾಕಿ. ಸದ್ದು ಹೋಗಲೆಂದು ಅರ್ತ್ ಪಿನ್ ಮುರಿಯುವವರಿದ್ದಾರೆ, ಅದು ಶಾಕಿಗೆ ಆಹ್ವಾನ.

ಅಕ್ಷರಗಳು ಮೆಟ್ಟಿಲಿನ ಹಾಗೆ ಬಲಕ್ಕೆ ಇಳಿಯುತ್ತ ಹೋದರೆ, ಲಿನಕ್ಸ್ ಸಾಲಿನ ಕೊನೆಗೆ ಲೈನ್ ಫೀಡ್ ಮಾತ್ರ ಕಳಿಸುತ್ತಿದೆ, ಪ್ರಿಂಟರ್ ಕ್ಯಾರೇಜ್ ರಿಟರ್ನನ್ನೂ ಎದುರು ನೋಡುತ್ತಿದೆ. ಫೈಲನ್ನು ಯುನಿಕ್ಸ್2ಡಾಸ್‌ಗೆ ಹಾಯಿಸಿ ಕಳಿಸಿ. ಅಲ್ಲಲ್ಲಿ ವಿಚಿತ್ರ ಅಕ್ಷರ ಮೂಡಿದರೆ ಕೇಬಲ್ ಬದಲಿಸಿ ನೋಡಿ. 'ಎಲ್‌ಪಿ0 ಆನ್ ಫೈರ್' ಎಂಬ ಸಂದೇಶಕ್ಕೆ ನೀರು ತರಬೇಡಿ: ಕಾಗದ ಮುಗಿದಿಲ್ಲ, ಆಫ್‌ಲೈನೂ ಅಲ್ಲ, ಆದರೂ ಪ್ರಿಂಟರ್ ಎರರ್ ಗೆರೆ ಎತ್ತಿದೆ, ಕಾರಣ ತಿಳಿಯದು ಎಂಬುದನ್ನು ಕರ್ನಲ್ ಹೇಳುವ ರೀತಿ ಅದು. ಬಹುತೇಕ ಕನೆಕ್ಟರ್ ಸಡಿಲವಾಗಿರುತ್ತದೆ.

ಕೊನೆಯ ಪರೀಕ್ಷೆ

ಒಂದೊಂದನ್ನೇ ಪರೀಕ್ಷಿಸಿ ಸರಿಯಾಯಿತು ಎನ್ನಬೇಡಿ. ಒಬ್ಬರೇ ಇದ್ದಾಗ ಇಬ್ಬರೂ ಸಾಧುಗಳೇ. ಸ್ಪೀಕರ್-ಟೆಸ್ಟ್ ಓಡುತ್ತಿರುವಾಗಲೇ ಉದ್ದದ ಫೈಲೊಂದನ್ನು ನೇರ ಪೋರ್ಟಿಗೆ ಕಳಿಸಿ:

ಯುನಿಕ್ಸ್2ಡಾಸ್ < /ಇಟಿಸಿ/ಸರ್ವೀಸಸ್ > /ಡೆವ್/ಎಲ್‌ಪಿ0

ಎರಡು ಮೂರು ಪುಟ ಬಂದರೆ ಸಾಕು, ಆಮೇಲೆ ಕಂಟ್ರೋಲ್-ಸಿ ಒತ್ತಿ. ಧ್ವನಿ ಒಂದು ಸಲವೂ ತಡವರಿಸಿರಬಾರದು. /ಪ್ರಾಕ್/ಇಂಟರಪ್ಟ್ಸ್‌ನಲ್ಲಿ ಸೌಂಡಿನ ಎಣಿಕೆ ಏರಿರಬೇಕು, ಪಾರ್‌ಪೋರ್ಟ್ ಹೆಸರು ಅಲ್ಲಿ ಇರಲೇಬಾರದು. ಆಮೇಲೆ ಇದನ್ನೇ ಮೂರು ಸಲ ರೀಬೂಟ್ ಮಾಡಿ ನೋಡಿ, ಅದರಲ್ಲಿ ಒಂದು ಸಲ ಪೂರ್ತಿ ಪವರ್ ತೆಗೆದು. ಪ್ಲಗ್ ಅಂಡ್ ಪ್ಲೇ ಕಾರ್ಡುಗಳಿಗೆ ಬರೀ ರೀಬೂಟಿನಲ್ಲಿ ಪವರ್ ಹೋಗುವುದಿಲ್ಲ, ಹಳೆಯ ಐಆರ್‌ಕ್ಯೂ ಅವುಗಳಲ್ಲಿ ಹಾಗೇ ಉಳಿದಿರಬಹುದು.